ಊರು ಅರಿತರೆ ಮಾರಿ ದೂರ

“ಇಲಿ ಬಿತ್ತು!”

ಒಂದು ಕಾಲಕ್ಕೆ ಮೈಸೂರು ಸೀಮೆಯ ಹಳ್ಳಿಗರ ಎದೆ ನಡುಗಿಸುತ್ತಿದ್ದ ಮಾತು ಇದು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಮಾರಿ ಸಂಸ್ಥಾನದಲ್ಲಿ ಹಬ್ಬಿದಾಗ, ಅಟ್ಟದಿಂದ ಸತ್ತ ಇಲಿ ಬಿದ್ದುದನ್ನು ಕಂಡೊಡನೆಯೇ ಜನರು ಮನೆಗೆ ಬೀಗವಿಕ್ಕಿ, ಮಕ್ಕಳುಮರಿ, ದನಕರುಗಳೊಡನೆ ಊರಾಚೆಯ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ವಾಸಿಸುತ್ತಿದ್ದರು. ಈ ರೋಗದ ಅಣುವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬ ವೈದ್ಯ ಕಂಡುಹಿಡಿದಿದ್ದ ಸಂಗತಿಯಾಗಲಿ, ಇಲಿಯ ಮೈಮೇಲಿನ ಚಿಗಟವೇ ಅದರ ವಾಹನವೆಂಬುದಾಗಲಿ ಅವರಿಗೆ ತಿಳಿದಿರಲಿಲ್ಲ. ಆದರೂ ಇಲಿ ಸತ್ತ ಮನೆಯಲ್ಲಿ ಇರಬಾರದೆಂದು ಅನುಭವ ಕಲಿಸಿತ್ತು. ಪ್ರಾಣ ಉಳಿಸಿದ ತಿಳಿವಳಿಕೆ ಅದು.

2020ರಲ್ಲಿ ಬಂದ ಕೋವಿಡ್ ಅಂತಹ ಮುನ್ಸೂಚನೆ ಯಾವುದನ್ನೂ ಕೊಡಲಿಲ್ಲ. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಜಗದ್ವ್ಯಾಪಿ ಪಿಡುಗೆಂದು ಬಣ್ಣಿಸಿತು. ಅದರ ಹಿಂದಿನ ದಿನವೇ ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡಿದ್ದರು. ಭಾರತದಲ್ಲಿ ಆ ಜಾಡ್ಯದ ಮೊದಲ ಬಲಿ ಅವರೆಂದು ಬಳಿಕ ತಿಳಿದುಬಂತು. ತಿಂಗಳ ಕೊನೆಯಲ್ಲಿ ನಂಜನಗೂಡಿನಲ್ಲಿ ಸೋಂಕು ಕಾಣಿಸಿಕೊಂಡಾಗ ಮೈಸೂರು ಜಿಲ್ಲೆಯೆಲ್ಲ ಬೆಚ್ಚಿತು.

‘ಗುಂಪು ಸೇರಬೇಡಿ’ ಎಂದು ಹೇಳುವುದು ಸುಲಭ, ನಡೆಸುವುದು ಕಷ್ಟ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬೆಳೆಗಾರನು ಹರಾಜುಕಟ್ಟೆಗೆ ಹೋಗದೆ ಬದುಕಲಾರನು. ಕೃಷ್ಣರಾಜನಗರದ ಗದ್ದೆಗಳಲ್ಲಿ ನಾಟಿಗೆ ಹತ್ತಾಳು ಒಟ್ಟಿಗೆ ಬಗ್ಗಲೇಬೇಕು. ಚುಂಚನಕಟ್ಟೆಯ ಜಾತ್ರೆಗೆ ಸಾವಿರಾರು ಮಂದಿ ನೆರೆಯುತ್ತಾರೆ. ಹೆಗ್ಗಡದೇವನಕೋಟೆಯ ಹಾಡಿಗಳಿಂದ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗಿಬರುವವರು ಅನೇಕರು. ಅಂದಂದಿನ ದುಡಿಮೆಯಿಂದ ಒಲೆ ಹೊತ್ತಿಸುವ ಇಂಥವರಿಗೆ ಬರಿಯ ಆಜ್ಞೆ ಸಾಲದು. ಅದರ ಕಾರಣವೂ ಮನದಟ್ಟಾಗಬೇಕು.

ಕಾರಣವೇನೋ ಸರಳವಾಗಿಯೇ ಇದೆ. ಜ್ವರ ಕಾಣುವುದಕ್ಕೆ ಒಂದೆರಡು ದಿನ ಮುಂಚಿತವಾಗಿಯೇ ಸೋಂಕಿತನ ಉಸಿರಿನಿಂದ ರೋಗ ಹರಡಬಲ್ಲದು. ಆದುದರಿಂದಲೇ ಗಟ್ಟಿಮುಟ್ಟಾಗಿ ಕಾಣುವವನೂ ಮೂಗುಬಾಯಿ ಮುಚ್ಚಿಕೊಳ್ಳಬೇಕಾಯಿತು. ಈ ವೈರಸ್ಸಿನ ಹೊರಕವಚ ಕೊಬ್ಬಿನದು. ಎಣ್ಣೆಯ ಜಿಡ್ಡನ್ನು ಬಿಡಿಸುವ ಸಾಬೂನು ಅದನ್ನೂ ಒಡೆಯುತ್ತದೆ. ನಾಲ್ಕು ಜನ ಕೂಡಿ ಮಾತನಾಡುವುದಾದರೆ ಗಾಳಿಯಾಡದ ಕೋಣೆಗಿಂತ ಹೊರಜಗಲಿ ಲೇಸು. ಇಷ್ಟನ್ನು ಅರಿಯಲು ಯಾವ ಪದವಿಯೂ ಬೇಕಿಲ್ಲ.

2021ರ ಜನವರಿ 16ರಂದು ದೇಶದಲ್ಲಿ ಲಸಿಕೆ ಹಾಕುವ ಕಾರ್ಯ ಆರಂಭವಾಯಿತು. ಅದರ ಬೆನ್ನಿಗೇ ‘ಸೂಜಿ ಚುಚ್ಚಿಸಿಕೊಂಡರೆ ಸಾಯುತ್ತಾರಂತೆ’ ಎಂಬ ಗುಸುಗುಸು ನಾಡಿನ ಅನೇಕ ಹಳ್ಳಿಗಳಲ್ಲಿ ಹಬ್ಬಿತು. ಮನೆಯ ಹಿರಿಯರಿಗೆ ಲಸಿಕೆ ಹಾಕಿಸದೆ ಉಳಿದರೆ, ಕಾಯಿಲೆ ಮೊದಲು ಕೈಹಿಡಿಯುವುದು ಅವರನ್ನೇ. ಇಂತಹ ಭಯಕ್ಕೆ ಮದ್ದು ಗದರಿಕೆಯಲ್ಲ, ನಂಬಿಕೆ. ಹೆರಿಗೆಗೂ ಬಾಣಂತನಕ್ಕೂ ನೆರವಾಗಿ ಮನೆಮಾತಾಗಿರುವ ಆಶಾ ಕಾರ್ಯಕರ್ತೆಯು ಹೊಸ್ತಿಲಲ್ಲಿ ಕುಳಿತು ಆಡುವ ಮಾತಿಗೆ ಇರುವ ತೂಕ, ಗೋಡೆಯ ಭಿತ್ತಿಪತ್ರಕ್ಕೆ ಇಲ್ಲ. ಸರಗೂರಿನಿಂದ 2012ರಿಂದ ಪ್ರಸಾರ ನಡೆಸುತ್ತಿರುವ ‘ಜನಧ್ವನಿ’ ಸಮುದಾಯ ಬಾನುಲಿಯಂತಹ ದನಿಗಳ ಬೆಲೆಯೂ ಅದೇ: ಊರ ಮಾತು ಊರವರ ಬಾಯಿಂದಲೇ ಕಿವಿಗೆ ಬೀಳುತ್ತದೆ.

ಲಸಿಕೆಯು ಮೈಸೂರಿಗೆ ಹೊಸದೂ ಅಲ್ಲ. ಸುಮಾರು 1805ರಲ್ಲಿ ಥಾಮಸ್ ಹಿಕ್ಕಿ ಬರೆದ ಚಿತ್ರವೊಂದರಲ್ಲಿ ಕಾಣುವ ಮೂವರು ಸ್ತ್ರೀಯರು ಮೈಸೂರು ರಾಜಮನೆತನದವರೆಂದೂ, ಸಿಡುಬಿಗೆ ದಾಕು ಹಾಕಿಸಿಕೊಳ್ಳಲು ಪ್ರಜೆಗಳನ್ನು ಪ್ರೇರೇಪಿಸುವುದೇ ಅದರ ಉದ್ದೇಶವೆಂದೂ ಇತಿಹಾಸಕಾರರು ಅಭಿಪ್ರಾಯಪಟ್ಟಿದ್ದಾರೆ. ಆ ಸಿಡುಬು ಜಗತ್ತಿನಿಂದಲೇ ತೊಲಗಿತೆಂದು 1980ರಲ್ಲಿ ಘೋಷಣೆಯಾಯಿತು.

ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಸಾರಿತು. ಎಚ್ಚರವನ್ನು ಮಾತ್ರ ಮುಗಿಸುವಂತಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಗುರುತಿಸಲಾದ ಮಂಗನ ಕಾಯಿಲೆ 2012ರಲ್ಲಿ ಬಂಡೀಪುರದ ಕಾಡಿನಲ್ಲೂ ಕಾಣಿಸಿಕೊಂಡಿತು. ಅದಕ್ಕೆ ಉಣ್ಣೆಯೇ ವಾಹನ. ಹೆಗ್ಗಡದೇವನಕೋಟೆಯ ಕಾಡಂಚಿನವರು ಸತ್ತ ಮಂಗವನ್ನು ಕಂಡರೆ ಮುಟ್ಟದೆ, ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಅಜ್ಜಂದಿರು ಸತ್ತ ಇಲಿಯನ್ನು ನೋಡಿ ಊರು ಬಿಟ್ಟರು. ಮೊಮ್ಮಕ್ಕಳು ಊರು ಬಿಡಬೇಕಾಗಿಲ್ಲ. ಹೊತ್ತಿಗೆ ಮುಂಚೆ ಒಂದು ಮಾತು ತಿಳಿಸಿದರೆ ಸಾಕು.