ಗೋಡೆ ಸಂದಿಯ ಅರಳಿ, ಬಟ್ಟಲೊಳಗಿನ ಜೇಡ್

ನಿಮ್ಮ ಊರಿನ ಹಳೆಯ ವಾಡೆಯ ಗೋಡೆಯನ್ನೋ ಶಾಲೆಯ ಮಾಳಿಗೆಯ ಪೈಪಿನ ಸಂದಿಯನ್ನೋ ಒಮ್ಮೆ ಸರಿಯಾಗಿ ನೋಡಿ. ಗೇಣುದ್ದದ ಅರಳಿ ಗಿಡ ಸಿಗಬಹುದು. ಮರಾಠಿಯಲ್ಲಿ ಪಿಂಪಳ ಅಂತಾರಲ್ಲ, ಅದೇ. ಹಣ್ಣು ತಿಂದ ಹಕ್ಕಿಯ ಹಿಕ್ಕೆಯಲ್ಲಿ ಅದರ ಬೀಜ ಅಲ್ಲಿಗೆ ಬಂದಿರುತ್ತದೆ. ನೀವು ಐದನೇ ತರಗತಿಯಲ್ಲಿದ್ದಾಗ ಅದು ಗೇಣುದ್ದ, ಈಗ ಎಂಟಕ್ಕೆ ಬಂದರೂ ಹೆಚ್ಚು ಕಡಿಮೆ ಅಷ್ಟೇ. ಅದೇ ಜಾತಿಯ ಮರ ಹನುಮಾನ ಗುಡಿಯ ಮುಂದೆ ಹತ್ತಾರು ಜನರಿಗೆ ನೆರಳು ಕೊಡುತ್ತಿರುತ್ತದೆ. ಬೀಜ ಒಂದೇ ತರಹ, ಬೇರಿಗೆ ಸಿಕ್ಕ ಜಾಗ ಬೇರೆ.

ಇದನ್ನೇ ಮನುಷ್ಯ ಜೋಪಾನ ಮಾಡಿ ಬೆಳೆಸಿದರೆ ಬೋನ್ಸಾಯ್. ಜಪಾನಿ ಭಾಷೆಯಲ್ಲಿ ‘ಬೋನ್’ ಎಂದರೆ ತಟ್ಟೆಯಂಥ ಕುಂಡ, ‘ಸಾಯ್’ ಎಂದರೆ ನೆಡುವುದು. ಮೈಸೂರಿಗೆ ಪ್ರವಾಸ ಹೋದವರು ಅವಧೂತ ದತ್ತ ಪೀಠದ ಬೋನ್ಸಾಯ್ ತೋಟ ನೋಡಿರಬಹುದು.

ತರಗತಿಯಲ್ಲಿ ಇದನ್ನು ಹೇಳಿದಾಗ ಒಬ್ಬಳು ಎದ್ದು ಕೇಳಿದಳು: “ಸರ್, ಗಿಡಕ್ಕ ಉಪವಾಸ ಕೆಡವಿ ಕುಳ್ಳ ಮಾಡೂದು ಪಾಪ ಅಲ್ಲೇನ್ರಿ?”

ಪ್ರಶ್ನೆ ಚಲೋ ಇದೆ. ಆದರೆ ಉಪವಾಸ ಬಿದ್ದ ಗಿಡ ಸಾಯುತ್ತದೆ, ಬಾಳುವುದಿಲ್ಲ. ಅಮೆರಿಕದ ವಾಷಿಂಗ್ಟನ್ನಿನಲ್ಲಿ ಒಂದು ಬಿಳಿ ಪೈನ್ ಬೋನ್ಸಾಯ್ ಇದೆ. 1625ರಿಂದ ಅದನ್ನು ಕುಂಡದಲ್ಲಿ ಬೆಳೆಸುತ್ತ ಬಂದಿದ್ದಾರೆ. 1945ರಲ್ಲಿ ಹಿರೋಶಿಮಾದ ಮೇಲೆ ಅಣುಬಾಂಬ್ ಬಿದ್ದಾಗ ಅದು ಅದೇ ಊರಿನಲ್ಲಿತ್ತು, ಉಳಿದುಕೊಂಡಿತು. ಉಪವಾಸದ ಗಿಡಕ್ಕೆ ಇಷ್ಟು ಆಯುಷ್ಯ ಎಲ್ಲಿಂದ ಬರಬೇಕು?

ಬೋನ್ಸಾಯ್‌ನಲ್ಲಿ ನಡೆಯುವುದು ಲೆಕ್ಕಾಚಾರ. ಬೇರು ಎಷ್ಟು ನೀರು ಎಳೆಯುತ್ತದೋ ಅಷ್ಟನ್ನೇ ಎಲೆ ಖರ್ಚು ಮಾಡಬೇಕು. ಅದಕ್ಕೇ ಬೇರು ಕತ್ತರಿಸಿದಾಗ ಮೇಲಿನ ಟೊಂಗೆಯನ್ನೂ ಕತ್ತರಿಸುತ್ತಾರೆ. ತುದಿ ಮೊಗ್ಗಿನಲ್ಲಿ ಆಕ್ಸಿನ್ ಎಂಬ ಹಾರ್ಮೋನು ತಯಾರಾಗಿ ಕೆಳಗಿಳಿದು, ಪಕ್ಕದ ಮೊಗ್ಗುಗಳನ್ನು ತಡೆದಿಟ್ಟಿರುತ್ತದೆ. ತುದಿ ಚಿವುಟಿದರೆ ಆ ತಡೆ ಹೋಗುತ್ತದೆ, ಪಕ್ಕದ ಮೊಗ್ಗು ಒಡೆಯುತ್ತವೆ. ಗಿಡ ಎತ್ತರ ಹೋಗದೆ ದಟ್ಟವಾಗುತ್ತದೆ. ಕುಳ್ಳತನ ವಂಶವಾಹಿಯಲ್ಲಿ ಇರುವುದೇ ಇಲ್ಲ. ಅದರ ಬೀಜ ಹೊಲದಲ್ಲಿ ಬಿತ್ತಿದರೆ ಪೂರಾ ಮರವೇ ಆಗುತ್ತದೆ.

ಮನೆಯಲ್ಲಿ ಮಾಡಿ ನೋಡಲು ಜೇಡ್ ಗಿಡ ಸಲೀಸು. ಈ ಹೆಸರಿನಲ್ಲಿ ನರ್ಸರಿಯವರು ಎರಡು ಗಿಡ ಮಾರುತ್ತಾರೆ: ದಪ್ಪ ದೊಡ್ಡ ಎಲೆಯದು ಒಂದು, ಕೆಂಪು ಛಾಯೆಯ ಕಾಂಡ, ಸಣ್ಣ ದುಂಡೆಲೆಯದು ಇನ್ನೊಂದು. ಎರಡೂ ದಕ್ಷಿಣ ಆಫ್ರಿಕಾದವು. ಸಣ್ಣೆಲೆಯದನ್ನು ಅಲ್ಲಿ ಆನೆಗಳು ಮೇಯುತ್ತವೆ. ಬೋನ್ಸಾಯ್‌ಗೆ ಅದೇ ಚಂದ.

ನನ್ನ ಮೊದಲ ಜೇಡ್ ಸತ್ತಿತು, ನನ್ನ ಕೈಯಾರೆ. ಹೊಲದ ಎರೆಮಣ್ಣು ತುಂಬಿ ದಿನಕ್ಕೆರಡು ಸಲ ನೀರು ಹಾಕಿದೆ. ಹದಿನೈದು ದಿನಕ್ಕೆ ಕಾಂಡ ಕೊಳೆತು ಮೆತ್ತಗಾಯಿತು. ಎರೆಮಣ್ಣಿನ ಕಣ ಬಹಳ ಸಣ್ಣ. ನೀರು ಕುಡಿದು ಉಬ್ಬಿ ಗಾಳಿಯ ದಾರಿ ಮುಚ್ಚುತ್ತದೆ, ಬೇರಿಗೆ ಉಸಿರಾಡಲು ಆಮ್ಲಜನಕ ಸಿಗುವುದಿಲ್ಲ. ಜ್ವಾರಿಗೆ ಒಳ್ಳೆಯದಾದ ಮಣ್ಣು ಬಟ್ಟಲಿಗೆ ಆಗಿಬರಲಿಲ್ಲ. ಬಿಎಸ್ಸಿ ಓದಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು ಬಿಡ್ರಿ.

ಈಗ ಹೀಗೆ ಮಾಡುತ್ತೇನೆ. ಬೆರಳುದ್ದದ ತುಂಡು ಕತ್ತರಿಸಿ, ಗಾಯ ಒಣಗಲೆಂದು ಮೂರು-ನಾಲ್ಕು ದಿನ ನೆರಳಿನಲ್ಲಿಡುವುದು. ಇಟ್ಟಂಗಿ ಚೂರು, ಮರಳು, ಗೊಬ್ಬರ ಸಮ ಸಮ. ತಳಕ್ಕೆ ತೂತಿರುವ ಯಾವ ಡಬ್ಬಿಯಾದರೂ ನಡೆಯುತ್ತದೆ. ನೆಟ್ಟ ಒಂದು ವಾರ ನೀರಿಲ್ಲ. ಆಮೇಲೆ ಮಣ್ಣು ಪೂರ್ತಿ ಒಣಗಿದಾಗ ಮಾತ್ರ. ಮುಂಜಾನೆಯ ಬಿಸಿಲು ಬೇಕೇ ಬೇಕು, ಮೇ ತಿಂಗಳ ಮಧ್ಯಾಹ್ನದ್ದು ಬೇಡ. ಬೇರು ಹಿಡಿದು ಹೊಸ ಎಲೆ ಬಂದ ಮೇಲೆ ತುದಿ ಚಿವುಟುತ್ತ ಹೋಗಿ. ತಂತಿ ಸುತ್ತಲು ಹೋಗಬೇಡಿ, ಇದರ ಟೊಂಗೆ ಪಟ್ಟನೆ ಮುರಿಯುತ್ತದೆ.

2016ರ ಏಪ್ರಿಲ್‌ನಲ್ಲಿ ಮೀರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ತಂದದ್ದನ್ನು ಮನೆಯ ಹಿರಿಯರು ಹೇಳಿರಬಹುದು. ಅಂಥ ಸೀಮೆಗೆ ಹೊಂದುವ ಜಾಣತನ ಜೇಡ್‌ಗೆ ಇದೆ. ನೀರು ಕಡಿಮೆಯಾದಾಗ ಅದು ಹಗಲು ಪತ್ರರಂಧ್ರ ಮುಚ್ಚಿಕೊಂಡು, ತಂಪಾದ ರಾತ್ರಿ ತೆರೆಯುತ್ತದೆ. ಆಗ ಒಳಗೆಳೆದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲ ಮಾಡಿ ಇಟ್ಟುಕೊಂಡು, ಹಗಲು ಬಿಸಿಲಿನಲ್ಲಿ ಬಳಸುತ್ತದೆ. ಶಾಲೆಯಲ್ಲಿ ಪಿಎಚ್ ಕಾಗದ ಇದ್ದರೆ, ಕೆಲವು ವಾರ ನೀರು ಕಡಿಮೆ ಹಾಕಿದ ಗಿಡದ ಒಂದು ಎಲೆಯನ್ನು ಬೆಳಿಗ್ಗೆ, ಇನ್ನೊಂದನ್ನು ಸಂಜೆ ಜಜ್ಜಿ ರಸ ತಾಗಿಸಿ ನೋಡಿ. ಬೆಳಗಿನ ರಸ ಹೆಚ್ಚು ಆಮ್ಲೀಯ ಇರಬೇಕು. ಬಾಯಿಗೆ ಮಾತ್ರ ಹಾಕಿಕೊಳ್ಳಬೇಡ್ರಿ.

ಇನ್ನೊಂದು ಕೆಲಸ. ಒಂದೇ ಗಿಡದ ಎರಡು ತುಂಡು ತೆಗೆದುಕೊಳ್ಳಿ. ಒಂದು ಅಂಗಳದ ಗರಸು ನೆಲದಲ್ಲಿ, ಒಂದು ಬಟ್ಟಲಲ್ಲಿ. ಪ್ರತಿ ತಿಂಗಳ 1ನೇ ತಾರೀಖು ಎತ್ತರ, ಎಲೆಯ ಅಗಲ ಅಳೆದು ವಹಿಯಲ್ಲಿ ಬರೆಯಿರಿ. ಪ್ರಶ್ನೆ ಕೇಳಿದ ಹುಡುಗಿ ಹೋದ ಜೂನ್‌ನಿಂದ ಬರೆಯುತ್ತಿದ್ದಾಳೆ. ಅವಳ ಬಟ್ಟಲಿನ ಗಿಡ ಈಗ 11 ಸೆಂ.ಮೀ., ಅಂಗಳದ್ದು 34.