‘ಸಬ್ಜೆಕ್ಟ್’ ಮತ್ತು ‘ಕರ್ತೃ’: ಒಂದು ಪಾರಿಭಾಷಿಕ ಟಿಪ್ಪಣಿ

ಹನೂರು ತಾಲ್ಲೂಕಿನ ರಾಮಾಪುರದಂತಹ ಗಡಿಭಾಗದ ಊರುಗಳಲ್ಲಿ ಕನ್ನಡ ಹಾಗೂ ತಮಿಳು ಮನೆಮಾತಿನ ಮಕ್ಕಳು ಇಂಗ್ಲಿಷ್ ವಾಕ್ಯರಚನೆಯನ್ನು ಕನ್ನಡದ ಪರಿಭಾಷೆಯ ಮೂಲಕವೇ ಕಲಿಯುತ್ತಾರೆ. ‘ಸಬ್ಜೆಕ್ಟ್’ ಎಂದರೆ ‘ಕರ್ತೃ’ ಎಂಬುದು ರೂಢಿ. ಈ ಸಮೀಕರಣ ನಿಲ್ಲುವುದಿಲ್ಲ. ಕರ್ತೃವು ಕಾರಕ, ಎಂದರೆ ಕ್ರಿಯೆಯೊಡನೆ ಅರ್ಥಮೂಲವಾದ ಸಂಬಂಧ. ಸಬ್ಜೆಕ್ಟ್ ವಾಕ್ಯದ ರಾಚನಿಕ ಸ್ಥಾನ. ‘ದ ಲೆಟರ್ ವಾಸ್ ರಿಟನ್ ಬೈ ರಾಮ’ ಎಂಬಲ್ಲಿ ಸಬ್ಜೆಕ್ಟ್ ಪತ್ರ, ಕರ್ತೃ ರಾಮ.

ಕರ್ಮಣಿಪ್ರಯೋಗ ಆಡುಮಾತಿನಲ್ಲಿ ವಿರಳವಾದ್ದರಿಂದ ಈ ತೊಡಕು ಅಷ್ಟಾಗಿ ಬಾಧಿಸದು. ನಿಜವಾದ ತೊಡಕು ನಿತ್ಯದ ಮಾತಿನಲ್ಲಿದೆ. ‘ನನಗೆ ಹಸಿವಾಗಿದೆ’ ಎಂಬಲ್ಲಿ ‘ನನಗೆ’ ಚತುರ್ಥಿಯಲ್ಲಿದೆ. ಕ್ರಿಯಾಪದದ ಹೊಂದಾಣಿಕೆ ‘ಹಸಿವು’ ಎಂಬುದರೊಡನೆ. ತಮಿಳಿನ ‘ಎನಕ್ಕುಪ್ ಪಸಿಕ್ಕಿರದು’ ಎಂಬಲ್ಲಂತೂ ಪ್ರಥಮಾ ವಿಭಕ್ತಿಯ ಪದವೇ ಇಲ್ಲ. ಹಾಗೆಂದು ಚತುರ್ಥೀ ಪದವನ್ನು ಬದಿಗಿಡಲಾಗದು: ‘ಅವಳಿಗೆ ತನ್ನ ಊರು ನೆನಪಾಯಿತು’ ಎಂಬಲ್ಲಿ ‘ತನ್ನ’ ಸೂಚಿಸುವುದು ಅವಳನ್ನೇ. ಸಬ್ಜೆಕ್ಟಿನ ಲಕ್ಷಣಗಳು ಇಲ್ಲಿ ಎರಡು ಪದಗಳಿಗೆ ಹಂಚಿಹೋಗಿವೆ.

ಕನ್ನಡಕ್ಕೆ ಸಂಸ್ಕೃತದ ಚೌಕಟ್ಟು ಹೊಂದದೆಂದು ಡಿ. ಎನ್. ಶಂಕರ ಭಟ್ಟರು ವಾದಿಸಿದರು. ಇಲ್ಲಿ ಅದೇ ಚೌಕಟ್ಟಿನ ಪದವನ್ನು ಇಂಗ್ಲಿಷಿಗೂ ತೊಡಿಸಿದ್ದೇವೆ! ‘ಉದ್ದೇಶ್ಯ’ ತುಸು ಮೇಲು. ತರಗತಿಗೆ ‘ಸಬ್ಜೆಕ್ಟ್’ ಎಂಬುದನ್ನೇ ಉಳಿಸಿ, ರೂಪದಿಂದ ಗುರುತಿಸುವುದನ್ನು ಕಲಿಸುವುದು ಲೇಸು. ‘ಐ ಯಾಮ್ ಹಂಗ್ರಿ’ ಎಂಬಲ್ಲಿ ‘ಐ’ ಬದಲು ‘ಶೀ’ ಇಟ್ಟರೆ ‘ಯಾಮ್’ ‘ಈಸ್’ ಆಗುತ್ತದೆ. ‘ನನಗೆ’ ಬದಲು ‘ಅವಳಿಗೆ’ ಇಟ್ಟರೂ ‘ಹಸಿವಾಗಿದೆ’ ಹಾಗೆಯೇ ಇರುತ್ತದೆ.