ಸ್ಪೀಡ್ ಇದೆ, ಆದ್ರೂ ಕ್ಲೌಡ್ ಯಾಕೆ ನಿಧಾನ?

ಸ್ಪೀಡ್ ಟೆಸ್ಟ್‌ನಲ್ಲಿ 100 ಎಂಬಿಪಿಎಸ್. ಆದ್ರೂ ಕ್ಲೌಡ್‌ನಲ್ಲಿರೋ ಫೈಲ್ ತೆರೆಯೋಕೆ ಒದ್ದಾಟನಾ? ಡೇಟಾ ಹಿಡಿದ ದಾರಿಯೇ ಸುತ್ತುದಾರಿ ಆಗಿರಬಹುದು!

ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಓಡೋದು ಸುಮಾರು 200 ಕಿಲೋಮೀಟರ್. ಬೆಂಗಳೂರಿನ ಡೇಟಾ ಮುಂಬೈ ಸರ್ವರ್‌ಗೆ ನೇರ ಹೋಗೋ ಬದಲು ಸಿಂಗಾಪುರ ಸುತ್ತಿದ್ರೆ, ಹೋಗಿ ಬರೋಕೆ ಕಡಿಮೆ ಅಂದ್ರೂ 70 ಮಿಲಿಸೆಕೆಂಡ್ ಬೇಕು.

ಪತ್ತೆ ಹೇಗೆ?

ಒಂದು: ಬೇರೆ ಕಂಪನಿ ಸಿಮ್‌ನ ಹಾಟ್‌ಸ್ಪಾಟ್ ಹಾಕಿ ನೋಡಿ. ಅಲ್ಲಿ ಸರಾಗವಾಗಿದ್ರೆ, ತಪ್ಪು ಕ್ಲೌಡಿನದ್ದಲ್ಲ.

ಎರಡು: ಲ್ಯಾಪ್‌ಟಾಪನ್ನ ಕೇಬಲ್‌ನಿಂದ ರೂಟರ್‌ಗೆ ಜೋಡಿಸಿ, ಟ್ರೇಸ್‌ರೂಟ್ (ಡೇಟಾ ಹಿಡಿದ ದಾರಿ ತೋರಿಸೋ ಕಮಾಂಡ್) ಓಡಿಸಿ. ಯಾವ ಹಾಪ್‌ನಲ್ಲಿ, ಅಂದ್ರೆ ದಾರಿಯ ಯಾವ ನಿಲ್ದಾಣದಲ್ಲಿ, ಸಮಯ ಒಮ್ಮೆಲೇ ಏರಿ, ಕೊನೆವರೆಗೂ ಇಳಿಯೋದೇ ಇಲ್ವೋ, ಅನುಮಾನ ಅಲ್ಲೇ.

ಮೂರು: ಈ ಎರಡೂ ಪರೀಕ್ಷೆಗಳ ಸ್ಕ್ರೀನ್‌ಶಾಟ್ ಇಂಟರ್ನೆಟ್ ಕಂಪನಿಗೆ ಕಳಿಸಿ. ‘ನೆಟ್ ಸ್ಲೋ’ ಅಂದ್ರೆ ಸಾಲದು. ‘ರೂಟಿಂಗ್ ಸರಿಮಾಡಿ’ ಅಂತ ಬರೆದು ಕೇಳಿ!